ಐದನೆಯ ನಕ್ಷತ್ರ

ಸಹೃದಯರಾದ ವಾಚಕ ಮಹಾಶಯರೇ, ಐದು ನಕ್ಷತ್ರಗಳ ದೆಸೆಯಿಂದ ಒಬ್ಬ ಮರ್ಯಾದಸ್ಥ ಒಲೆಗಾರನು ಊರಿನ ಅಂಗಡಿಗೆ ಹೋಗಿ ಹಾಲು ತರಲಾರದೆ, ಕಪ್ಪು ಕಾಫಿ ಕುಡಿಯುತ್ತ ಮನೆಯಲ್ಲೇ ಅಡಗಿ ಕುಳಿತ ವೃತ್ತಾಂತವನ್ನು ತಮ್ಮ ಅವಗಾಹನೆಗೆ ತರಲು ಅಪ್ಪಣೆಯಾಗಬೇಕು.

ಒಲೆಗಾರನ ಹೆಸರು ತೌನೊ. ಒಮ್ಮೆ ಸೌದೆ ಉರಿಸಿದರೆ ಮರುದಿನದವರೆಗೂ ಮನೆಯನ್ನು ಬೆಚ್ಚಗಿಡುವ ದೊಡ್ಡ ಕಲ್ಲಿನ ಒಲೆಗಳನ್ನು ಫಿನ್ಲೆಂಡಿನ ಕಾಡುಸೀಮೆಯಲ್ಲಿ ಕಟ್ಟುತ್ತಿದ್ದವನು. ಮದುವೆಯ ಗೋಜಿಗೆ ಹೋದವನಲ್ಲ. ಹಿಮ ಕರಗುವುದರೊಳಗೆ ಪಟ್ಟಣದವರಿಂದ ಕೆಲಸ ಬಾರದಿದ್ದರೆ ಕಾರ್ಯಾಗಾರಕ್ಕೆ ಬೀಗ ಹಾಕುವುದೆಂದು ನಿಶ್ಚಯಿಸಿದ್ದ. ಪಟ್ಟಣದವರೋ ಒಲೆಯನ್ನೂ ಅಂತರ್ಜಾಲದಲ್ಲೇ ಹುಡುಕುತ್ತಿದ್ದರು. ಹುಡುಕಿದವರಿಗೆ ತೌನೊ ಸಿಗುತ್ತಿದ್ದುದು ನಾಲ್ಕನೆಯ ಪುಟದಲ್ಲಿ. ಅಷ್ಟು ದೂರ ಯಾರೂ ಹೋಗುವುದಿಲ್ಲ. ಆದಕಾರಣ ಪುರಸಭೆಯವರು ಹೆಲ್ಸಿಂಕಿಯಿಂದ ಸೆನ್ಯಾಳನ್ನು ಕರೆಸಿದ್ದರು. ಇಂಥವರನ್ನು ಮೊದಲ ಪುಟಕ್ಕೆ ಹತ್ತಿಸುವುದು ಅವಳ ಕಸುಬು.

ತೌನೊನ ಜಾಲತಾಣದಲ್ಲಿ ಇದ್ದುದು ಒಂದೇ ವಾಕ್ಯ: 'ಒಲೆ ಕಟ್ಟಿಕೊಡಲಾಗುವುದು.'

"ಎಲ್ಲಿ ಅಂತ ಬರೆದೇ ಇಲ್ವಲ್ಲ?" ಎಂದಳು ಸೆನ್ಯಾ.

"ಎಲ್ರಿಗೂ ಗೊತ್ತಲ್ಲಮ್ಮ."

"ಹೆಲ್ಸಿಂಕಿಯವರಿಗೆ?"

"ಅವ್ರಿಗೆ ಏನು ತಾನೆ ಗೊತ್ತು."

ಸೆನ್ಯಾ ಸಿಟ್ಟಾಗಲಿಲ್ಲ. ಚಳಿಯಲ್ಲಿ ನಡುಗುವ ಜನ ಯಾವ ಮಾತುಗಳನ್ನು ಟೈಪು ಮಾಡುತ್ತಾರೆಂದು ನೋಡಿದಳು. 'ಬೆಳಗಿನ ಜಾವ ಮನೆ ತಣ್ಣಗಾಗುತ್ತದೆ, ಏನು ಮಾಡಲಿ?' ಎಂಬ ಪ್ರಶ್ನೆಯನ್ನೇ ತಲೆಬರಹವಾಗಿಸಿ, ತೌನೊ ಹೇಳಿದ ಉತ್ತರವನ್ನು ಅದರ ಕೆಳಗೆ ಇಟ್ಟಳು. ಊರಿನ ಹೆಸರು ಸೇರಿಸಿದಳು. ಪುಟ ಬೇಗ ತೆರೆಯಲೆಂದು ಭಾರವಾದ ಚಿತ್ರಗಳನ್ನು ಹಗುರ ಮಾಡಿದಳು. "ಯಾರೇ ಅಭಿಪ್ರಾಯ ಬರೆದ್ರೂ ನೀವು ಉತ್ತರ ಕೊಡ್ಬೇಕು, ಮರೀಬೇಡಿ" ಎಂದು ಎಚ್ಚರಿಸಿದಳು. ತೌನೊನ ಹೆಸರು ಹುಡುಕಾಟದ ಎರಡನೆಯ ಪುಟದವರೆಗೆ ಏರಿ, ಅಲ್ಲಿಯೇ ನಿಂತುಬಿಟ್ಟಿತು.

ಕಾರಣ ಹುಡುಕಿದಾಗ ಸಿಕ್ಕಿದ್ದು ಗ್ರಾಹಕರ ಅಭಿಪ್ರಾಯಗಳು. 'ದೂರಿಲ್ಲ.' 'ಬಿಸಿಯಾಗುತ್ತದೆ.' 'ಇನ್ನೂ ನಿಂತಿದೆ.' ಎಲ್ಲವಕ್ಕೂ ಐದರಲ್ಲಿ ಮೂರೇ ನಕ್ಷತ್ರ.

"ಇವರಿಗೆಲ್ಲ ನಿಮ್ಮ ಮೇಲೆ ಏನು ಹಗೆ?"

ತೌನೊನ ಮುಖ ಕೆಂಪಾಗಿತ್ತು. "ಹಗೆಯಾ? ಇಷ್ಟೊಂದು ಹೊಗಳಿದ್ದಾರೆ ಅಂತ ನಂಗೇ ಗೊತ್ತಿರ್ಲಿಲ್ಲ. ಮೂರು ಅಂದ್ರೆ ಕೆಲಸ ಸರಿಯಾಗಿದೆ ಅಂತ."

"ನಾಲ್ಕು ಅಂದ್ರೆ?"

"ಕುಡಿದು ಬರೆದಿದ್ದಾರೆ ಅಂತ."

"ಐದು?"

"ಐದು ಕೊಡೋ ಧೈರ್ಯ ನಮ್ಮೂರಲ್ಲಿ ಯಾರಿಗೂ ಇಲ್ಲ ಬಿಡು."

ಸೆನ್ಯಾಳಿಗೆ ಇದು ಹಾಸ್ಯವೆಂದು ತೋರಿತು. ಅವಳು ಮನೆಮನೆಗೆ ಹೋಗಿ, ಮನಸ್ಸಿನಲ್ಲಿದ್ದುದನ್ನು ಬಿಚ್ಚಿ ಬರೆಯಿರೆಂದು ಕೇಳಿಕೊಂಡಳು. ಎಲ್ಲರೂ ಅವಳಿಗೆ ಕಾಫಿ ಕೊಟ್ಟರು, ಯಾರೂ ಬರೆಯಲಿಲ್ಲ. ರಸ್ತೆಯಾಚೆಯ ವಿಧವೆ ಹಿಲ್ಕ ಮಾತ್ರ ಬಟ್ಟಲನ್ನು ಕೆಳಗಿಟ್ಟು ವಿಚಾರಿಸಿದಳು: "ಅನ್ನಿಸಿದ್ದನ್ನೇ ಬರೀಬೇಕಾ?"

"ಅದನ್ನೇ."

ಸಂಜೆಯ ಹೊತ್ತಿಗೆ ಐದು ನಕ್ಷತ್ರಗಳು ಮೂಡಿದ್ದವು, ಕೆಳಗೆ ಹಿಲ್ಕಳ ಹೆಸರು. 'ಒಲೆ ಬೆಳಗಿನವರೆಗೂ ಬೆಚ್ಚಗಿರುತ್ತದೆ. ಕಟ್ಟಿದವನ ಕೈಗಳು ಒಳ್ಳೆಯವು. ಕೆಲಸ ಬೇಗ ಮುಗಿದುಹೋದದ್ದೊಂದೇ ಕೊರತೆ.'

ನಗರದ ಜನ ಈ ಮಾತನ್ನು ಒಬ್ಬರಿಗೊಬ್ಬರು ಕಳುಹಿಸಿಕೊಂಡರು. ವಾರ ಕಳೆಯುವುದರೊಳಗೆ ತೌನೊ ಮೊದಲ ಪುಟಕ್ಕೆ ಬಂದ; ತಾಂಪೆರೆ, ತುರ್ಕು ಪಟ್ಟಣಗಳಿಂದಲೂ ಒಲೆ ಕೇಳುವವರು ಬಂದರು. ಅದೇ ವಾರ ಅಂಗಡಿಯಾಕೆ ಹಾಲಿನ ಪೊಟ್ಟಣವನ್ನು ಮುಂದಕ್ಕೆ ತಳ್ಳುತ್ತ, "ಮದ್ವೆ ಬೇಸಿಗೇಲೋ, ಇಲ್ಲ ಕ್ರಿಸ್‌ಮಸ್ಸಿಗೋ?" ಎಂದು ಕೇಳಿದಳು. ತೌನೊ ಹಾಲನ್ನು ಅಲ್ಲೇ ಬಿಟ್ಟು ಬಂದ. ಮತ್ತೆ ಅತ್ತ ತಲೆ ಹಾಕಲಿಲ್ಲ.

"ಅದನ್ನ ಅಳಿಸು ಅಂತ ಹಿಲ್ಕಳಿಗೆ ಹೇಳಮ್ಮ" ಎಂದ ಸೆನ್ಯಾಳಿಗೆ.

"ಹೇಳ್ಬಹುದು. ಅಳಿಸಿದ್ರೆ ಮತ್ತೆ ಎರಡನೇ ಪುಟ."

"ಅಂದ್ರೆ ಬೀಗ."

"ಅಂದ್ರೆ ಬೀಗ."

ತೌನೊ ಕಿಟಕಿಯತ್ತ ನೋಡಿದ. ರಸ್ತೆಯಾಚೆ ಹಿಲ್ಕಳ ಮನೆಯ ಚಿಮಣಿಯಿಂದ, ಅವನೇ ಕಟ್ಟಿದ ಒಲೆಯ ಹೊಗೆ ನೆಟ್ಟಗೆ ಮೇಲೇರುತ್ತಿತ್ತು.

"ಅವಳು ಸುಳ್ಳು ಹೇಳೋಳಲ್ಲ."

"ಹಾಗಾದ್ರೆ ಇರ್ಲಿ ಬಿಡಿ."

"ಇರ್ಲಿ ಅಂತ ಬಿಟ್ರೆ? ಅವಳ ಹೆಸ್ರು ಊರವರ ಬಾಯಲ್ಲಿ ಓಡಾಡ್ತಿದೆ. ನಾನಿಲ್ಲಿ ಕೂತು ಕಾಫಿ ಕುಡೀಲಾ?"

ಅವನು ಎದ್ದು ಒಳಗೆ ಹೋದ. ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿತು. ಹೊರಬಂದಾಗ ಗಡ್ಡ ಬೋಳಿಸಿತ್ತು, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಇನ್ನೂ ಒಡೆಯದ ಕಾಫಿ ಪುಡಿಯ ಪೊಟ್ಟಣ.

"ಎಲ್ಲಿಗೆ?"

"ಅಭಿಪ್ರಾಯಕ್ಕೆ ಉತ್ತರ ಕೊಡ್ಬೇಕು ಅಂದವಳು ನೀನೇ ತಾನೆ?"

"ಅಲ್ಲೇ ಬರೀಬಹುದಲ್ಲ! ಕೆಳಗೆ ಜಾಗ ಇದೆ."

"ಅಷ್ಟು ಜಾಗ ಸಾಲಲ್ಲ" ಎಂದು ತೌನೊ ಬಾಗಿಲೆಳೆದುಕೊಂಡು ಹೊರಟ.

ಸೆನ್ಯಾಳ ಕೆಲಸ ಮುಗಿದಿತ್ತು. ಕಂಪ್ಯೂಟರನ್ನು ಮುಚ್ಚಿ, ತಂತಿಗಳನ್ನು ಸುತ್ತಿ ಚೀಲಕ್ಕೆ ತುಂಬಿ, ಕಾರಿನ ಗಾಜಿನ ಮೇಲಿನ ಮಂಜನ್ನು ಕೆರೆದು ಹೊರಟಳು. ರಸ್ತೆಯಾಚೆಯ ಮನೆಯ ಮುಂದೆ ಕಾರಿನ ವೇಗ ತಾನಾಗಿ ಇಳಿಯಿತು. ಹಿಲ್ಕಳ ಬಾಗಿಲು ಹಾರುಹೊಡೆದಿತ್ತು. ಹೊಸ್ತಿಲ ಹೊರಗೆ ತೌನೊ, ಕಾಫಿ ಪೊಟ್ಟಣವನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು ನಿಂತಿದ್ದ. ಸೆನ್ಯಾ ಗಾಜು ಇಳಿಸಿದಳು. ಒಳಗಿನಿಂದ ಹಿಲ್ಕಳ ದನಿ ಕೇಳಿತು:

"ಒಳಗೆ ಬಾರೋ ಮಾರಾಯ, ಶಾಖ ಎಲ್ಲ ಹೊರಗೆ ಹೋಗ್ತಿದೆ."