ಮುಚ್ಚುವ ಗುಂಡಿ

ಟಕ್. ಟಕ ಟಕ್. ರಾತ್ರಿ ಹನ್ನೊಂದೂವರೆಗೆ ಮೇಲಿನ ಮನೆಯಲ್ಲಿ ಸ್ಟೀಲ್ ಲೋಟದ ಮೇಲೆ ಚಮಚದ ಏಟು ಬೀಳತೊಡಗಿದ ಕೂಡಲೇ ಸ್ಟೆನೋ ಮೇಡಂ ಬಚ್ಚಲ ಗವಾಕ್ಷಿಯ ಕೆಳಗೆ ಸ್ಟೂಲ್ ಎಳೆದುಕೊಂಡು ಕುಳಿತರು. ಪೆನ್ಸಿಲ್ ಚೂಪಾಗಿದೆಯೇ ಎಂದು ಎರಡು ಸಲ ನೋಡಿ ನೋಟ್‌ಬುಕ್ ತೆರೆದರು.

ಇದು ಕಟ್ಟಡದ ಸಂಘದ ಕಾರ್ಯದರ್ಶಿ ವಹಿಸಿದ ಕೆಲಸ. ಮೇಲಿನ ಬಾಡಿಗೆ ಹುಡುಗ ರ‍್ಯಾಪ್ ಹಾಡುತ್ತಾನೆ. ಕೊರಳಲ್ಲಿ ಹಗ್ಗದಂಥ ಚೈನು, ಹುಬ್ಬಿನವರೆಗೆ ಎಳೆದುಕೊಂಡ ಟೋಪಿ. "ಅದು ಹಾಡಲ್ಲ ಮೇಡಂ, ಬರೀ ಹೊಲಸು ಬೈಗುಳ. ಒಂದೇ ಒಂದು ಬರೆದು ಕೊಡಿ ಸಾಕು, ಭಾನುವಾರದ ಮೀಟಿಂಗಲ್ಲಿ ಗಂಟುಮೂಟೆ ಕಟ್ಟಿಸ್ತೀನಿ," ಎಂದಿದ್ದರು ಅವರು. ಮೇಡಂ ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿ. ಸಾಕ್ಷಿಯ ಬಾಯಿಂದ ಏನೇ ಉದುರಲಿ, ಒಂದಕ್ಷರ ಬಿಡದೆ ಹಿಡಿದವರು. ಹಾಗಾಗಿ ಇಡೀ ಕಟ್ಟಡದಲ್ಲಿ ಅವರಷ್ಟು ಬೈಗುಳ ಬಲ್ಲವರು ಇನ್ನೊಬ್ಬರಿರಲಿಲ್ಲ. ಆದರೆ ಅವರ ಇಸ್ತ್ರಿ ಸೀರೆ ನೋಡಿದವರಿಗೆ ಆ ಅನುಮಾನ ಬರುವಂತಿರಲಿಲ್ಲ.

ಅವರಿಗೂ ಆ ಹುಡುಗನೆಂದರೆ ಪುಕುಪುಕು. ಲಿಫ್ಟಿನೊಳಗಿದ್ದಾಗ ಅವನು ಬರುವುದು ಕಂಡರೆ ಸಾಕು, ಬಾಗಿಲು ಮುಚ್ಚುವ ಗುಂಡಿಯ ಮೇಲೆ ಬೆರಳು ತಾನಾಗಿ ಹೋಗುತ್ತಿತ್ತು.

ಇವತ್ತಿಗೆ ಮೂರನೇ ರಾತ್ರಿ. ನೋಟ್‌ಬುಕ್ಕಿನಲ್ಲಿ ಮಾತ್ರ ಒಂದು ಬೈಗುಳವೂ ಇಲ್ಲ. ತಮ್ಮ ಕಿವಿಯೇ ಮಂದವಾಯಿತೇನೋ ಎಂಬ ಹೆದರಿಕೆ ಬೇರೆ. ಮೇಲಿನಿಂದ ದನಿ ಇಳಿಯಿತು:

"ಎಂಟನೇ ಮಹಡಿಗೆ ನಿನ್ನ ಏರ್ಸೋ ಕೈ ನಂದು,
ಮೆಟ್ಟಿಲು ಹತ್ಕೊಂಡ್ ಬಾ ಅಂತೀಯ ನನ್ನ ಚೀಲ ಕಂಡು,
ಗ್ರೀಸು ಮೆತ್ತಿದ ಅಂಗಿ ಕಂಡ್ರೆ ಮೂಗು ಮುಚ್ಕೋತೀಯ,
ಇನ್ನೆರಡು ಹೆಜ್ಜೆ ಇರೋವಾಗ್ಲೇ ಬಾಗ್ಲು ಮುಚ್ಕೋತೀಯ,
ನೀನೊಬ್ಬ..."

ಚಮಚ ನಿಂತಿತು. "ನೀನೊಬ್ಬ ಕೆಟ್ಟವನು," ಎಂದ. ಸ್ವಲ್ಪ ಹೊತ್ತಿನ ಮೇಲೆ, "ನೀನೊಬ್ಬ ಒಳ್ಳೆಯವನಲ್ಲ." ಕೊನೆಗೆ ನಿಟ್ಟುಸಿರಿಟ್ಟು, "ನೀನೊಬ್ಬ ಮಹಾಶಯ."

ಅದನ್ನೂ ಬರೆದುಕೊಂಡು ಮೇಡಂ ಪೆನ್ಸಿಲ್ ಕೆಳಗಿಟ್ಟರು. ಇಷ್ಟು ಸಪ್ಪೆ ಸಿಟ್ಟನ್ನು ಅವರು ಇಡೀ ಸರ್ವೀಸಿನಲ್ಲೇ ಕೇಳಿರಲಿಲ್ಲ. ಏನು ಮಾಡುತ್ತಿದ್ದೇನೆಂದು ಯೋಚಿಸುವಷ್ಟರಲ್ಲಿ, ನೋಟ್‌ಬುಕ್ ಸಮೇತ ಮೇಲೆ ಹೋಗಿ ಬಾಗಿಲು ತಟ್ಟಿದ್ದರು.

ಹುಡುಗ ತಲೆಯ ಮೇಲೆ ದಪ್ಪ ರಗ್ಗು ಹೊದ್ದುಕೊಂಡು, ಲೋಟ ಚಮಚ ಹಿಡಿದೇ ಬಾಗಿಲು ತೆರೆದ. ಮುಖದಿಂದ ಬೆವರು ಇಳಿಯುತ್ತಿತ್ತು. ಚೈನಿನ ತುದಿಯಲ್ಲಿ ಲಿಫ್ಟ್ ಬಾಗಿಲುಗಳ ಬೀಗದ ಕೈಗಳು ತೂಗುತ್ತಿದ್ದವು. ಅವನು ಲಿಫ್ಟ್ ಮೆಕ್ಯಾನಿಕ್.

"ಅಯ್ಯೋ, ಕೇಳಿಸ್ತಾ ಆಂಟಿ? ಯಾರಿಗೂ ತೊಂದ್ರೆ ಆಗ್ಬಾರ್ದು ಅಂತ ರಗ್ಗೊಳಗೇ ಹಾಡ್ತಿದ್ದೆ."

"ನೀನೊಬ್ಬ ಏನು? ಅದನ್ನ ಹೇಳು ಮೊದ್ಲು."

"ಅದೇ ಹೊಳೀತಿಲ್ಲ. ಶನಿವಾರ ಸ್ಪರ್ಧೆ ಇದೆ. ಬೈಗುಳ ಇಲ್ದಿದ್ರೆ ಅದನ್ನ ರ‍್ಯಾಪ್ ಅಂತ ಯಾರೂ ನಂಬಲ್ಲ ಅಂತಾರೆ ಫ್ರೆಂಡ್ಸು. ನಂಗೆ ಬಾಯಿಗೇ ಬರಲ್ಲ. ಅಮ್ಮ ಬೇರೆ ಫೋನಲ್ಲಿ ಕೇಳಿಸ್ಕೋತಾಳೆ."

ಮೇಡಂ ಗಂಟಲು ಸರಿಮಾಡಿಕೊಂಡರು. "ಬಾಗ್ಲು ಮುಚ್ಚೋರು... ಯಾರಪ್ಪ ಅದು?"

"ಎಲ್ಲಾರೂ," ಎಂದು ಹುಡುಗ ನೆಲ ನೋಡಿದ. ಆಮೇಲೆ ನಕ್ಕ. "ತಮಾಷೆ ಏನ್ ಗೊತ್ತಾ ಆಂಟಿ? ನಮ್ಮ ಲಿಫ್ಟಲ್ಲಿ ಮುಚ್ಚೋ ಗುಂಡಿಗೆ ವೈರೇ ಇಲ್ಲ. ಹೋದ ತಿಂಗ್ಳು ರಿಪೇರಿ ಮಾಡ್ವಾಗ ನೋಡ್ದೆ. ಬಾಗ್ಲು ತಾನಾಗೇ ಮುಚ್ಕೊಳ್ಳತ್ತೆ. ಪಾಪ, ಒತ್ತೋರಿಗೆ ಮುಜುಗರ ಆಗ್ಬಾರ್ದು ಅಂತ ಅದು ಮುಚ್ಚೋವರ್ಗೂ ನಾನೇ ನಿಧಾನ ನಡೀತೀನಿ."

ಮೇಡಂಗೆ ಕಿವಿಯವರೆಗೆ ಬಿಸಿಯೇರಿತು. ಸರ್ವೀಸಿನ ಹನ್ನೊಂದನೇ ವರ್ಷ ತರಕಾರಿ ಮಾರುವ ಹೆಂಗಸೊಬ್ಬಳು ಕಟಕಟೆಯಲ್ಲಿ ನಿಂತು ತನ್ನ ಮೈದುನನಿಗೆ ಹೇಳಿದ್ದ ಮಾತೊಂದು ನೆನಪಾಯಿತು. ಅದನ್ನು ಕೇಳಿ ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ಮೇಡಂ ಆಚೀಚೆ ನೋಡಿ, ಲೋಟದ ಮೇಲೆ ಬೆರಳಿನಿಂದ ನಾಲ್ಕು ಏಟು ಹಾಕುತ್ತ, ತಾಳಕ್ಕೆ ಸರಿಯಾಗಿ ಅದನ್ನು ಹೇಳಿದರು.

ಹುಡುಗನ ಕೈಯಿಂದ ಚಮಚ ಬಿತ್ತು. "ಆಂಟೀ! ಸತ್ರೂ ಇದನ್ನ ನಾನು ಹೇಳಲ್ಲ."

"ಹೇಳ್ಬೇಡ. 'ನೀನೊಬ್ಬ' ಅಂದು ಬಾಯಿ ಮುಚ್ಕೊಂಡು ನಾಲ್ಕು ಏಟು ಬಾರ್ಸು. ಕೇಳೋರು ನಿನ್ನ ಬಾಯಲ್ಲಿ ಏನಿದೆ ಅಂದ್ಕೊಂಡಿರ್ತಾರೋ ಅದನ್ನೇ ತುಂಬ್ಕೋತಾರೆ."

ಹುಡುಗ ಬಾರಿಸಿ ನೋಡಿದ. ಇಬ್ಬರಿಗೂ ಮೈ ಜುಮ್ಮೆಂದಿತು. ಮೇಡಂ ಮನೆಗೆ ಬಂದು, ಹಳೇ ಅಭ್ಯಾಸದಂತೆ, ಆ ರಾತ್ರಿ ಕಿವಿಗೆ ಬಿದ್ದ ಏಕೈಕ ಬೈಗುಳವನ್ನು ಬರೆದುಕೊಂಡರು. ಆಡಿದವರ ಹೆಸರು ಬರೆಯಲಿಲ್ಲ.

ಬೆಳಿಗ್ಗೆ ಲಿಫ್ಟಿನಲ್ಲಿ ಕಾರ್ಯದರ್ಶಿ ಕೈಚಾಚಿದರು. "ಸಿಕ್ತಾ ಮೇಡಂ?" ಪುಟ ತೆರೆದು ಹುಬ್ಬು ಗಂಟಿಕ್ಕಿದರು. "ಇದೇನಿದು, ಇರುವೆ ಹರಿದಾಡ್ದಂಗಿದೆ! ಓದಿ."

ಮೂವತ್ತೊಂದು ವರ್ಷದಲ್ಲಿ ಮೇಡಂ ಬರೆದದ್ದನ್ನು ಬಿಟ್ಟು ಬೇರೆ ಓದಿದವರಲ್ಲ. ಬೆರಳು ಕೆಳಗಿನ ಸಾಲಿನ ಮೇಲಿತ್ತು; ಕಣ್ಣು ಮೇಲಿನ ಸಾಲಿಗೆ ಜಾರಿತು. "ನೀನೊಬ್ಬ... ಮಹಾಶಯ."

"ಅಷ್ಟೇನಾ? ಇದನ್ನಿಟ್ಕೊಂಡು ಯಾರನ್ನ ಖಾಲಿ ಮಾಡ್ಸೋದ್ರೀ?"

ಅಷ್ಟರಲ್ಲಿ ತೆರೆದ ಬಾಗಿಲಾಚೆ, ಉದ್ದನೆಯ ಕಾರಿಡಾರಿನ ಆ ತುದಿಯಲ್ಲಿ ಹುಡುಗ ಕಾಣಿಸಿಕೊಂಡ. ಹೆಗಲಲ್ಲಿ ಸಾಮಾನಿನ ಚೀಲ, ಎಂದಿನ ನಿಧಾನದ ನಡಿಗೆ. ಕಾರ್ಯದರ್ಶಿ ಮುಚ್ಚುವ ಗುಂಡಿಗೆ ಕೈಹಾಕಿದರು. ಮೇಡಂ ಸೆರಗಿನ ಮರೆಯಲ್ಲಿ ತೆರೆಯುವ ಗುಂಡಿಯ ಮೇಲೆ ಹೆಬ್ಬೆರಳು ಊರಿದರು. ಬಾಗಿಲು ಅಲುಗಲಿಲ್ಲ.

"ಏನಾಗಿದೆ ಇದಕ್ಕೆ?" ಎಂದು ಕಾರ್ಯದರ್ಶಿ ಮತ್ತೆ ಮತ್ತೆ ಒತ್ತಿದರು. ಏನಾಗಿದೆಯೆಂದು ಮೇಡಂಗೆ ಗೊತ್ತಿತ್ತು. ವೈರಿನ ವಿಷಯವನ್ನಾಗಲಿ, ಆ ಬೈಗುಳ ಯಾರದೆಂಬುದನ್ನಾಗಲಿ ಜನ್ಮದಲ್ಲಿ ಯಾರಿಗೂ ಹೇಳುವುದಿಲ್ಲವೆಂದು ಅವರು ಅಲ್ಲೇ ನಿರ್ಧರಿಸಿದರು.

ಟಕ್. ಟಕ ಟಕ್. ಕಾರ್ಯದರ್ಶಿಯ ಬೆರಳು ಬಡಿಯುತ್ತಲೇ ಇತ್ತು. ಹತ್ತಿರಾಗುತ್ತಿದ್ದ ಹುಡುಗನ ತಲೆ ಆ ತಾಳಕ್ಕೆ ಸಣ್ಣಗೆ ಅಲ್ಲಾಡತೊಡಗಿತು.