ಹೊಳೆ ದಾಟಿದವರು

ದೋಣಿಯಿಂದ ಇಳಿದ ಪ್ರವಾಸಿಗರೆಲ್ಲ ನೀಲಿ ಗೋಡೆಯ ಮನೆಯೊಳಗೆ ನುಗ್ಗಿದರು. ಆ ಮನೆಯ ಯಜಮಾನ ಶಲ್ಲಾಲಿ ಮಾತ್ರ ಹೊರಗಿನ ಜಗಲಿಯ ಮೇಲೆ ಕುಸಿದು ಕೂತ. ಬೆಳಗಿನಿಂದ ನೈಲ್ ನದಿಯ ಆಚೆಗೂ ಈಚೆಗೂ ಜನರನ್ನು ದಾಟಿಸಿ ದಾಟಿಸಿ ಅವನ ರಟ್ಟೆ ಬಿದ್ದುಹೋಗಿತ್ತು.

"ಅವ್ವಾ, ಒಂದು ಲೋಟ ಚಹಾನಾದ್ರೂ ಕೊಡು."

ತಾಯಿ ದಹೀಬಾ ಒಳಗಿನಿಂದಲೇ ಕೈಚಾಚಿ ಕೊಟ್ಟಳು. "ಕುಡ್ಕೊಂಡು ಅಲ್ಲೇ ಕೂತಿರು. ಒಳಗಿನ ಅಂಗಳಕ್ಕೆ ಕಾಲಿಟ್ಟೆ ಅಂದ್ರೆ ನೋಡು."

"ಇವ್ರೂ ನನ್ನ ದೋಣೀಲೇ ಹೊಳೆ ದಾಟಿ ಬಂದೋರಲ್ವಾ? ಇವ್ರು ಮಾತ್ರ ಅಂಗಳದಲ್ಲಿ ಮೆರೀಬಹುದಾ?"

"ಅವ್ರು ತೊಟ್ಟೀಲಿ ಸಾಕಿರೋ ಮೊಸಳೆ ಮರಿ ನೋಡೋಕೆ ಬಂದಿದಾರೆ. ನೀನು ಯಾವ ಮರಿ ನೋಡೋಕೆ ಹೊಂಚು ಹಾಕ್ತಿದೀಯ ಅಂತ ನಂಗೊತ್ತಿಲ್ವಾ? ಅಂಗಳ ಸಿಕ್ರೆ ಕೋಣೆಗೇ ನುಗ್ಗೋನು ನೀನು."

ಹೆಂಡತಿ ನಬ್ರಾ ಹೆತ್ತು ಮಲಗಿದ್ದಳು. ಚೊಚ್ಚಲು, ಹೆಣ್ಣುಮಗು. ಹೆರಿಗೆಯ ಹೊತ್ತಿಗೆ ಶಲ್ಲಾಲಿ ಆಚೆ ದಡದಲ್ಲಿದ್ದ. ನಲವತ್ತು ದಿನ ತುಂಬುವ ಮೊದಲು ಹೊಳೆ ದಾಟಿ ಬಂದವರು ಬಾಣಂತಿಯ ಕೋಣೆ ಹೊಕ್ಕರೆ ಎದೆಹಾಲು ಬತ್ತುತ್ತದೆ ಎಂಬುದು ಆ ನೂಬಿಯನ್ ಹಳ್ಳಿಯವರ ನಂಬಿಕೆ. ಹಿಂದೆ ಹೊಳೆ ದಾಟುವವರೇ ಅಪರೂಪ, ಹೇಗೋ ನಡೆದುಹೋಗುತ್ತಿತ್ತು. ಈಗ ದಾಟಿಸುವುದೇ ಹೊಟ್ಟೆಪಾಡು. ಪ್ರವಾಸಿಗರು ಬರುವ ಚಳಿಗಾಲದಲ್ಲೇ ದೋಣಿ ಕಟ್ಟಿಹಾಕಿದರೆ ವರ್ಷವೆಲ್ಲ ತಿನ್ನುವುದೇನು? ಹೀಗಾಗಿ ಕಂಡಕಂಡವರಿಗೆಲ್ಲ ತನ್ನ ಮನೆ ತೋರಿಸುವ ಶಲ್ಲಾಲಿ ಮಗಳ ಮುಖ ಇನ್ನೂ ಕಂಡಿರಲಿಲ್ಲ. ದೋಣಿಯಲ್ಲೇ ಮಲಗುತ್ತಿದ್ದ. ಅಳು ಮಾತ್ರ ಅಲ್ಲಿಯವರೆಗೂ ಕೇಳುತ್ತಿತ್ತು.

ಅಷ್ಟರಲ್ಲಿ ಒಳಗಿನಿಂದ ನಬ್ರಾ ಕಿರುಚಿದಳು. ಕೈರೋದಿಂದ ಬಂದಿದ್ದ ದಪ್ಪನೆಯ ಹೆಂಗಸೊಬ್ಬಳು ಗಾಬರಿಯಿಂದ ಹೊರಗೆ ಬಂದಳು. "ಅಯ್ಯೋ, ಬಚ್ಚಲುಮನೆ ಅಂದ್ಕೊಂಡು ಒಳಗೇ ಹೋಗ್ಬಿಟ್ಟೆ! ನೋಡಿದ್ರೆ ಬಾಣಂತಿ, ಮಗು" ಎನ್ನುತ್ತ ದೋಣಿಯ ಕಡೆಗೆ ಬಿರಬಿರನೆ ಇಳಿದುಹೋದಳು.

ಶಲ್ಲಾಲಿ ಲೋಟ ಕುಕ್ಕಿ ಎದ್ದ. ದಹೀಬಾ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಬಿಡವ್ವಾ! ಹೊಳೆ ದಾಟಿದೋಳು ಒಳಗೆ ಹೋಗಿ ಬಂದೂ ಆಯ್ತು. ಆಗೋದು ಆಗೋಯ್ತಲ್ಲ. ಇನ್ನು ನನ್ನ ತಡೆದು ಏನು ಉಳಿಸ್ಕೋತೀಯ?"

"ಅವಳಿಗೆ ಗೊತ್ತಿರ್ಲಿಲ್ಲ ಮಗಾ, ನಿಂಗೆ ಗೊತ್ತಿದೆ." ದಹೀಬಾ ಚಾಚಿದ ಕೈ ಇಳಿಸಲಿಲ್ಲ. "ನಾಳೆ ಹಾಲು ಬತ್ತಿದ್ರೆ ಅವಳಿಗಾದ್ರೆ ಹಿಡಿಶಾಪ ಹಾಕ್ತೀನಿ. ನಿಂಗೆ ಹಾಕೋಕಾಗುತ್ತಾ?"

ಅವನಿಗೆ ಜಗಳವಾಡುವ ತ್ರಾಣವೂ ಉಳಿದಿರಲಿಲ್ಲ. ಅಳಬೇಕೆನಿಸಿತು. ಪ್ರವಾಸಿಗರು ಒಬ್ಬೊಬ್ಬರಾಗಿ ಹೊರಬರುತ್ತಿದ್ದರು. ಅವರ ಹಿಂದೆಯೇ ಇಳಿದುಹೋಗಿ ದೋಣಿಯ ಹಗ್ಗ ಬಿಚ್ಚಿದ.

ನಡುಹೊಳೆಗೆ ಬಂದಾಗ ಅವನಿಗೆ ತಡೆಯಲಾಗಲಿಲ್ಲ. ಎದುರಿಗೇ ಕೂತಿದ್ದ ಆ ಹೆಂಗಸನ್ನು ಮೆಲ್ಲಗೆ ಕೇಳಿದ: "ಅಮ್ಮಾ, ಆ ಮಗು... ಯಾರ ಹಾಗಿದೆ?"

ಅವಳು ಮಾತಿಗೆ ಜನ ಸಿಕ್ಕ ಖುಷಿಯಲ್ಲಿ ಮುಂದಕ್ಕೆ ಬಾಗಿದಳು.

"ಅಮ್ಮನ ಹಾಗಂತೂ ಇಲ್ಲಪ್ಪ. ಅಪ್ಪನ ಹಾಗೇ ಇರ್ಬೇಕು. ಎಲ್ಲಿ ಹಾಳಾಗಿ ಹೋಗಿದಾನೋ ಆ ಪುಣ್ಯಾತ್ಮ, ಮನೇಲಿ ಕಾಣ್ಲೇ ಇಲ್ಲ."