ಗೋಮಾಳದ ಸಗಣಿ

ಬೆರಣಿಗೆಂದು ಎಲ್ಲರೂ ಸಗಣಿ ಬಾಚಿಕೊಂಡು ಹೋದರೆ ಗೋಮಾಳದ ಮಣ್ಣಿಗೆ ಸಾರಜನಕ ಎಲ್ಲಿಂದ ಬರಬೇಕು, ಹುಲ್ಲು ಹೇಗೆ ಚಿಗುರಬೇಕು ಎಂದು ಊರ ಸಭೆಯಲ್ಲಿ ವಾದಿಸಿದವಳು ನಾನೇ. ಸಗಣಿ ಕದ್ದವರ ದನಕ್ಕೆ ಅಲ್ಲಿ ಮೇವಿಲ್ಲ ಎಂದು ನಿಯಮವಾಯಿತು. ಕಾವಲೂ ನನ್ನ ತಲೆಗೇ ಬಂತು. ಅಂದಿನಿಂದ, ಯಾರಾದರೂ ಸಿಕ್ಕಿಬಿದ್ದರೆ ಏನು ಮಾಡಲಿ ಎಂಬ ದಿಗಿಲು ನನಗೆ.

ಇವತ್ತು ಸಂಜೆ ಸಿಕ್ಕಿದವಳು ಕೊನೆಯ ಬೀದಿಯ ಕೆಂಚಮ್ಮ. ಒಂದೇ ಹಸುವಿನ ಹಾಲು ಮಾರಿ ಬದುಕುವವಳು. ಬೇಲಿಯ ಒಳಗೆ, ತಲೆಯ ಮೇಲೆ ಸಗಣಿ ತುಂಬಿದ ಬುಟ್ಟಿ ಹೊತ್ತು ನಿಂತಿದ್ದಳು.

“ಇಳಿಸು ಕೆಂಚಮ್ಮ.”

“ಇಳಿಸ್ತೀನಿ ತಾಳವ್ವ, ಕತ್ತು ಹಿಡ್ಕೊಂಡದೆ.”

“ನಾಳೆಯಿಂದ ನಿನ್ನ ಹಸೂನ ಒಳಕ್ಕೆ ಬಿಡೋ ಹಂಗಿಲ್ಲ. ನಂಗೂ ಸಂಕಟಾನೇ. ಯಾಕೆ ಹಿಂಗ್ಮಾಡ್ದೆ?”

“ಸಂಕಟ ಬ್ಯಾಡ ಬಿಡು. ಅದು ಕಾಲು ಮುರ್ಕೊಂಡು ಕೊಟ್ಟಿಗೇಲಿ ಬಿದ್ದು ವಾರ ಆಯ್ತು. ನಾನೇ ಇಲ್ಲಿಂದ ಹುಲ್ಲು ಕುಯ್ಕೊಂಡು ಹೋಗಿ ಹಾಕ್ತಿದೀನಿ.”

“ಹುಲ್ಲೂ ಒಯ್ದು, ಸಗಣೀನೂ ಒಯ್ತೀಯಾ?”

ಕೆಂಚಮ್ಮ ಬುಟ್ಟಿಯನ್ನು ಹುಲ್ಲಿನ ಮೇಲೆ ಬೋರಲು ಹಾಕಿದಳು.

“ಒಯ್ಯೋಕಲ್ಲ ಕಣವ್ವ. ಅದು ತಿಂದಿದ್ದು ಇಲ್ಲಿನ ಹುಲ್ಲಲ್ವಾ, ಅದ್ರ ಸಗಣಿ ಮನೇಲಿ ಇಟ್ಕೊಂಡ್ರೆ ಕದ್ದಂಗಾಯ್ತದೆ ಅಂತ ತಂದೆ.”